ಯಾರಿಂದ ಬಂತು?

ಮಾವನವರ ಕಫದಲ್ಲಿ ಟಿಬಿ ಇದೆ ಅಂತ ಗೊತ್ತಾದ ವಾರವೇ ಆಶಾ ಅಕ್ಕ ಮನೆಗೆ ಬಂದರು. ಮನೇಲಿ ಎಷ್ಟು ಜನ, ಯಾರಿಗಾದರೂ ಕೆಮ್ಮು, ಜ್ವರ, ರಾತ್ರಿ ಬೆವರು ಇದೆಯಾ, ತೂಕ ಇಳಿದಿದೆಯಾ ಅಂತ ಕೇಳಿ ಬರೆದುಕೊಂಡರು. ಅತ್ತೆಗೆ ಸಿಟ್ಟು. "ಕಾಯಿಲೆ ಅವರಿಗೆ. ನಮಗ್ಯಾಕೆ ಪರೀಕ್ಷೆ?" ಪಕ್ಕದ ಮನೆಯವರು ಕೇಳಿಸಿಕೊಂಡಾರು ಅನ್ನೋ ಭಯವೇ ಜಾಸ್ತಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಎದೆಯ ಎಕ್ಸ್‌ರೇ ತೆಗೆದರು. ಆಮೇಲೆ ಮುಂಗೈ ಮೇಲೆ, ಚರ್ಮದೊಳಗೇ ಒಂದು ಚಿಕ್ಕ ಇಂಜೆಕ್ಷನ್. ಟಿಬಿ ರೋಗಾಣು ಮೈಯೊಳಗೆ ಹೊಕ್ಕಿದೆಯಾ ಅಂತ ನೋಡೋ ಸೈ-ಟಿಬಿ ಪರೀಕ್ಷೆ ಅಂತೆ. ಇದೇ ಥರದ ಹಳೇ ಮ್ಯಾಂಟೂ ಪರೀಕ್ಷೆಯಲ್ಲಿ, ಟಿಬಿ ಬಾರದಿರಲಿ ಅಂತ ಹಾಕೋ ಬಿಸಿಜಿ ಲಸಿಕೆಯಿಂದಲೂ ಕೆಲವೊಮ್ಮೆ ಕೈ ಊದುತ್ತದೆ, ಇದರಲ್ಲಿ ಆ ಗೊಂದಲ ಇಲ್ಲ. ಕೆರೆಯಬೇಡಿ, 48ರಿಂದ 72 ಗಂಟೆಯೊಳಗೆ ಬಂದು ತೋರಿಸಿ ಅಂದರು.

ಅತ್ತೆಯ ಕೈ ಅಗಲಕ್ಕೆ ಕೆಂಪಾಗಿತ್ತು. ನನ್ನದು ನೋಡೋಕೆ ಏನೂ ಇಲ್ಲ. ಆದರೆ ಸಿಸ್ಟರ್ ಕಣ್ಣಿಗಿಂತ ಬೆರಳನ್ನೇ ನಂಬಿದರು. ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿ ಊತ ಮಾತ್ರ ಅಳೆಯೋದು. 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. ಅತ್ತೆಗೆ ನೆಗೆಟಿವ್, ನನಗೆ ಪಾಸಿಟಿವ್!

"ಅವರ ಪಕ್ಕ ಮಲಗೋಳು ನಾನು, ಇವಳಿಗೆ ಹೆಂಗೆ ಬಂತು?" ಅತ್ತೆ ಅಲ್ಲೇ ಶುರು ಮಾಡಿದರು. ಮಾವ ತಲೆ ತಗ್ಗಿಸಿ ಕೂತರು. ಕಾಯಿಲೆ ಗೊತ್ತಾದಾಗಿಂದ ಅವರು ಜಗಲಿಯಲ್ಲೇ ಊಟ ಮಾಡುತ್ತಿದ್ದರು, ತಟ್ಟೆ ಲೋಟ ಬೇರೆ.

ಡಾಕ್ಟರ್ ಮೇಡಂ ಎಕ್ಸ್‌ರೇ ನೋಡಿ, ರೋಗ ಇಲ್ಲ, ರೋಗಾಣು ಸುಮ್ನೆ ಮಲಗಿದೆ ಅಂದರು. ನನ್ನಿಂದ ಯಾರಿಗೂ ಹರಡೋದಿಲ್ಲ. ಹೀಗಿರುವ ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಮುಂದೆ ಯಾವಾಗಲಾದರೂ ಟಿಬಿ ಬರಬಹುದು, ಅದಕ್ಕೇ ಮಾತ್ರೆ. "ಎಂದು ಹೊಕ್ಕಿತು, ಯಾರಿಂದ ಹೊಕ್ಕಿತು ಅಂತ ಈ ಪರೀಕ್ಷೆ ಹೇಳೋದಿಲ್ಲಮ್ಮ. ಕಾಲೇಜಲ್ಲೋ ಬಸ್ಸಲ್ಲೋ ಯಾವತ್ತೋ ಆಗಿರಬಹುದು."

"ಹಂಗಾದ್ರೆ ನನ್ನಿಂದ್ಲೇ ಅಂತ ಏನಿಲ್ವಾ ಮೇಡಂ?" ಮಾವ ಎರಡು ಸಲ ಕೇಳಿದರು. ನನ್ನ ರಿಪೋರ್ಟಿಗಿಂತ ಆ ಉತ್ತರವೇ ನಮ್ಮ ಮನೆಗೆ ಬೇಕಾಗಿತ್ತು ಅನ್ನಿಸಿತು.

ಮೂರು ವರ್ಷದ ಮಗಳಿಗೆ ಚರ್ಮದ ಪರೀಕ್ಷೆ ಮಾಡಲಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ರೋಗ ಬೇಗ ಬಲಿಯುತ್ತದೆ. ಹಾಗಾಗಿ, ರೋಗ ಇಲ್ಲ ಅಂತ ಖಾತ್ರಿಯಾದರೆ ನೇರ ಮಾತ್ರೆ ಶುರು. ಅವಳಿಗೆ ದಿನಾ, ಆರು ತಿಂಗಳು. ನನಗೆ ವಾರಕ್ಕೊಮ್ಮೆ, ಹನ್ನೆರಡು ವಾರ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂದರು. ನಾನು ಭಾನುವಾರ ಅಂತ ಗೊತ್ತು ಮಾಡಿಕೊಂಡೆ. ನೆನಪಿಸೋ ಕೆಲಸ ಅತ್ತೆಯದು. ಶನಿವಾರ ಸಂಜೆಯಿಂದಲೇ ಶುರು ಮಾಡುತ್ತಾರೆ.