ನೈಬರ್ ಫುಲ್ ಆದರೆ ಸಾಲದು

ಓಎಸ್‌ಪಿಎಫ್ ಅಂದರೆ ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು (ರೂಟ್) ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್; ದೊಡ್ಡ ನೆಟ್‌ವರ್ಕ್ ಅನ್ನು ಅದರಲ್ಲಿ ಏರಿಯಾಗಳಾಗಿ ಒಡೆಯುತ್ತಾರೆ. ಅದರಲ್ಲಿ ಏರಿಯಾ ಟೈಪ್ ಬದಲಾಯಿಸುವ ಚೇಂಜ್ ಯಾರೇ ತಂದರೂ ನಾನು ಮೊದಲು ತೆಗೆಯುವುದು ಟೆಸ್ಟ್ ಪ್ಲಾನ್. ಅದರಲ್ಲಿ 'ಎಲ್ಲಾ ನೈಬರ್ ಫುಲ್ ಇರಬೇಕು' (ಪಕ್ಕಪಕ್ಕದ ರೂಟರ್‌ಗಳು ಮಾಹಿತಿ ಪೂರ್ತಿ ಹಂಚಿಕೊಂಡಿರಬೇಕು) ಅಂತ ಮಾತ್ರ ಬರೆದಿದ್ದರೆ ಅಪ್ರೂವ್ ಮಾಡುವುದಿಲ್ಲ. ಟೀಮಿನ ಹುಡುಗರಿಗೆ ಇದು ಸುಮ್ನೆ ಹಠ ಅನ್ನಿಸುತ್ತೆ. ಹುಬ್ಬಳ್ಳಿ ಹಬ್ ಚೇಂಜ್ ದಿನ ಬ್ರಿಡ್ಜ್‌ನಲ್ಲಿ (ಕಾನ್ಫರೆನ್ಸ್ ಕಾಲ್) ಇದ್ದವರು ಯಾರೂ ಹಾಗೆ ಹೇಳುವುದಿಲ್ಲ.

ಕ್ಲೈಂಟ್‌ನ ಉತ್ತರ ಕರ್ನಾಟಕದ ಬ್ರಾಂಚ್‌ಗಳೆಲ್ಲ ಏರಿಯಾ 10ರಲ್ಲಿದ್ದವು, ಸ್ಟಬ್ ಆಗಿ, ಅಂದರೆ ಓಎಸ್‌ಪಿಎಫ್‌ಗೆ ಹೊರಗಿನಿಂದ ತಂದ ರೂಟ್‌ಗಳು ಒಳಗೆ ಬರದ ಏರಿಯಾ ಆಗಿ. ಬ್ರಾಂಚಿನ ಸಣ್ಣ ರೂಟರ್‌ಗೆ ಹೊರಗಿನ ರೂಟ್‌ಗಳೆಲ್ಲ ಯಾಕೆ ಬೇಕು? ಏರಿಯಾವನ್ನು ನಡುವಿನ ಏರಿಯಾ 0ಗೆ ಜೋಡಿಸುವ ರೂಟರ್, ಅಂದರೆ ಎಬಿಆರ್, ಒಂದು ಡಿಫಾಲ್ಟ್ (ಬೇರೆ ರೂಟ್ ಇಲ್ಲದ್ದಕ್ಕೆಲ್ಲ ಒಂದೇ ದಾರಿ) ಕೊಟ್ಟರೆ ಸಾಕು. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಹುಬ್ಬಳ್ಳಿ ಹಬ್‌ಗೆ ಹೊಸದಾಗಿ ಪಾರ್ಟ್‌ನರ್ ಲಿಂಕ್ ಬಂತು. ಅದರ ಸ್ಟ್ಯಾಟಿಕ್‌ಗಳನ್ನು (ಕೈಯಾರೆ ಬರೆದ ರೂಟ್‌ಗಳು) ಅಲ್ಲೇ ಓಎಸ್‌ಪಿಎಫ್‌ಗೆ ಸೇರಿಸಬೇಕು, ಅಂದರೆ ರೀಡಿಸ್ಟ್ರಿಬ್ಯೂಟ್ ಮಾಡಬೇಕು. ಸ್ಟಬ್ ಏರಿಯಾದೊಳಗೆ ಅಂಥ ಹೊರಗಿನ ರೂಟ್ ಸಾರುವ ಟೈಪ್ 5 ಸಂದೇಶ ಬರುವಂತಿಲ್ಲ, ಹುಟ್ಟುವಂತೆಯೂ ಇಲ್ಲ. ಎನ್‌ಎಸ್‌ಎಸ್‌ಎ (ನಾಟ್ ಸೋ ಸ್ಟಬ್ಬಿ ಏರಿಯಾ, ಕಮಾಂಡ್‌ನಲ್ಲಿ 'ನಸ್ಸಾ') ಇರುವುದೇ ಇಂಥ ಜಾಗಕ್ಕೆ. 1994ರ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 1587ರಲ್ಲಿ ಬಂದದ್ದು, 2003ರಲ್ಲಿ 3101 ಆಗಿ ಹೊಸದಾಯಿತು. ಹೊರಗಿನ ರೂಟ್ ಏರಿಯಾದೊಳಗೆ ಟೈಪ್ 7 ಆಗಿ ಓಡಾಡುತ್ತೆ, ಎಬಿಆರ್ ಅದನ್ನು ಟೈಪ್ 5 ಮಾಡಿ ಏರಿಯಾ 0ಗೆ ಬಿಡುತ್ತೆ. ಡಿಸೈನ್ ಸರಿಯಾಗಿಯೇ ಇತ್ತು.

ನಮ್ಮ ಭಯವೆಲ್ಲ ಅಡ್ಜಸೆನ್ಸಿ, ಅಂದರೆ ರೂಟರ್‌ಗಳ ನೈಬರ್ ಸಂಬಂಧದ ಮೇಲಿತ್ತು. ಹೆಲೋ ಪ್ಯಾಕೆಟ್‌ನ ಆಪ್ಷನ್ ಬಿಟ್ ಎರಡೂ ಕಡೆ ಒಂದೇ ಇಲ್ಲದಿದ್ದರೆ ನೈಬರ್ ಆಗುವುದೇ ಇಲ್ಲ. ಒಂದು ರೂಟರ್ ಸ್ಟಬ್, ಪಕ್ಕದ್ದು ಎನ್‌ಎಸ್‌ಎಸ್‌ಎ ಅಂದರೆ ಮುಗೀತು. ಹಾಗಾಗಿ ಅತಿ ದೂರದ ಬ್ರಾಂಚ್‌ನಿಂದ ಶುರು, ಆಮೇಲೆ ಹಬ್, ಕೊನೆಗೆ ಬೆಂಗಳೂರಿನ ಎರಡು ಎಬಿಆರ್. ಲೂಪ್‌ಬ್ಯಾಕ್‌ಗೆ (ಓಎಸ್‌ಪಿಎಫ್ ಮೂಲಕ ತಲುಪುವ ರೂಟರ್‌ನ ಒಳ ವಿಳಾಸ) ಲಾಗಿನ್ ಆಗಬೇಡಿ, ಲಿಂಕ್ ಐಪಿಯಿಂದ ಲಿಂಕ್ ಐಪಿಗೆ ಹಾರಿಕೊಂಡು ಹೋಗಿ ಅಂತ ಎಲ್ಲರಿಗೂ ಹೇಳಿದ್ದೆ. ಓಎಸ್‌ಪಿಎಫ್ ಬಿದ್ದರೂ ನೇರ ಜೋಡಿಸಿದ ಲಿಂಕ್‌ನ ಕನೆಕ್ಟೆಡ್ ರೂಟ್ ಬೀಳುವುದಿಲ್ಲ, ಸೆಷನ್ ಉಳಿಯುತ್ತೆ. ಜೊತೆಗೆ ಪ್ರತಿ ಬಾಕ್ಸ್‌ನಲ್ಲೂ ಮೊದಲೇ 'ರೀಲೋಡ್ ಇನ್ 15' (15 ನಿಮಿಷದಲ್ಲಿ ರೀಸ್ಟಾರ್ಟ್). ಸೇವ್ ಮಾಡದ ಕಾನ್ಫಿಗ್ ತಪ್ಪಿದರೆ ರೂಟರ್ ತಾನೇ ಹಳೆಯದಕ್ಕೆ ವಾಪಸ್ ಬರಲಿ ಅಂತ.

ಇಷ್ಟೂ ಚೆನ್ನಾಗಿಯೇ ನಡೆಯಿತು. ಎಬಿಆರ್ ಮುಗಿಸಿದ ಮೇಲೆ ನೈಬರ್ ಸ್ಥಿತಿ ಎಕ್ಸ್‌ಸ್ಟಾರ್ಟ್, ಲೋಡಿಂಗ್, ಫುಲ್. ಪಾರ್ಟ್‌ನರ್ ರೂಟ್ ಕೋರ್‌ನಲ್ಲಿ (ಏರಿಯಾ 0) ಕಾಣಿಸಿತು. ನೆಟ್‌ವರ್ಕ್ ಮೇಲೆ ಕಣ್ಣಿಡುವ ಎನ್‌ಒಸಿ ಕೇಂದ್ರದ ಸ್ಕ್ರೀನ್ ಪೂರ್ತಿ ಹಸಿರು. ರೀಲೋಡ್ ಕ್ಯಾನ್ಸಲ್ ಮಾಡಿ ಕಾನ್ಫಿಗ್ ಸೇವ್ ಮಾಡಿದೆವು. ಬ್ರಿಡ್ಜ್‌ನಿಂದ ಅರ್ಧ ಜನ ಇಳಿದಿದ್ದರು.

ಆಗ ಗದಗ ಬ್ರಾಂಚ್‌ನಲ್ಲಿದ್ದ ಫೀಲ್ಡ್ ಹುಡುಗ ಮಾತಾಡಿದ. "ಸರ್, ಒಳಗಿಂದು ಎಲ್ಲಾ ಓಪನ್ ಆಗ್ತೈತ್ರಿ. ಪೇಮೆಂಟ್ ಗೇಟ್‌ವೇ ಅಷ್ಟ ಆಗವಲ್ದು."

ಪ್ರಾಕ್ಸಿ ಇರಬೇಕು, ಫೈರ್‌ವಾಲ್ ಟೀಮ್‌ನವರನ್ನು ಕರೀರಿ ಅಂದೆ. ಆ ಮಾತಿಗೆ ಅಮೂಲ್ಯ ನಿಮಿಷಗಳು ಹೋದವು. ಫೈರ್‌ವಾಲ್‌ನವರು ಬಂದು ಲಾಗ್ ನೋಡಿ, ಆ ಬ್ರಾಂಚ್‌ನಿಂದ ಒಂದು ಪ್ಯಾಕೆಟ್ ಕೂಡ ತಮ್ಮ ಹತ್ತಿರ ಬಂದಿಲ್ಲ ಅಂದರು. ಅಷ್ಟರಲ್ಲಿ ಬಾಗಲಕೋಟೆಯಿಂದಲೂ ಅದೇ ದೂರು. ಮ್ಯಾನೇಜರ್ ರೋಲ್‌ಬ್ಯಾಕ್ ಅಂತ ಶುರು ಮಾಡಿದರು. ರೋಲ್‌ಬ್ಯಾಕ್ ಅಂದರೆ ಮತ್ತೆ ದೂರದ ಬ್ರಾಂಚ್‌ನಿಂದ ಒಂದೊಂದನ್ನೇ ಬೀಳಿಸಿಕೊಂಡು ಬರಬೇಕು, ಚೇಂಜ್‌ಗೆ ಕೊಟ್ಟ ಸಮಯದ ವಿಂಡೋ ಮುಗಿಯುತ್ತಾ ಬಂದಿತ್ತು. ಸ್ವಲ್ಪ ತಡೀರಿ ಸರ್ ಅಂತ ಕೇಳಿಕೊಂಡು ಗದಗ ರೂಟರ್‌ನಲ್ಲಿ 'ಶೋ ಐಪಿ ರೂಟ್ 0.0.0.0' ಕೊಟ್ಟೆ. ನೆಟ್‌ವರ್ಕ್ ನಾಟ್ ಇನ್ ಟೇಬಲ್. ಡಿಫಾಲ್ಟ್ ಇರಲೇ ಇಲ್ಲ.

ಸ್ಟಬ್ ಏರಿಯಾಗೆ ಎಬಿಆರ್ ಡಿಫಾಲ್ಟ್ ಅನ್ನು ತಾನಾಗಿಯೇ ಕಳಿಸುತ್ತೆ. ಬರೀ 'ನಸ್ಸಾ' ಅಂತ ಕೊಟ್ಟರೆ ಸಿಸ್ಕೊ ಐಒಎಸ್‌ನಲ್ಲಿ ಕಳಿಸುವುದಿಲ್ಲ, ನಾವೇ ಕೇಳಬೇಕು. ಇದು ಬಗ್ ಅಲ್ಲ, ಡಾಕ್ಯುಮೆಂಟ್‌ನಲ್ಲಿ ಇರುವ ನಡವಳಿಕೆಯೇ. ಡೇಟಾ ಸೆಂಟರ್ ಸಬ್‌ನೆಟ್‌ಗಳು ಇಂಟರ್ ಏರಿಯಾ (ಬೇರೆ ಏರಿಯಾದವು), ಟೈಪ್ 3 ಆಗಿ ಬರುತ್ತಲೇ ಇದ್ದವು. ನಾವು ಪಿಂಗ್ ಮಾಡಿದ್ದು ಅವನ್ನೇ. ಎನ್‌ಒಸಿ ಪೋಲ್ ಮಾಡುವುದೂ ಅಲ್ಲಿಂದಲೇ. ಗೇಟ್‌ವೇ ಮಾತ್ರ ಎಕ್ಸ್‌ಟರ್ನಲ್ ರೂಟ್, ಅದಕ್ಕೆ ಡಿಫಾಲ್ಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಟೈಪ್ ಬದಲಾದಾಗ ನಿಜವಾಗಿ ಏನು ಬದಲಾಗುತ್ತೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಟೆಸ್ಟ್ ಮಾಡಿದ್ದೆವು.

ಮೊದಲ ಎಬಿಆರ್‌ನಲ್ಲಿ 'ಏರಿಯಾ 10 ನಸ್ಸಾ ಡಿಫಾಲ್ಟ್-ಇನ್ಫರ್ಮೇಶನ್-ಒರಿಜಿನೇಟ್' ಹಾಕಿದೆ. ಗದಗದಲ್ಲಿ ಡಿಫಾಲ್ಟ್ ಓ ಸ್ಟಾರ್ ಎನ್ 2 (ಎನ್‌ಎಸ್‌ಎಸ್‌ಎ ಮೂಲಕ ಬಂದ ಡಿಫಾಲ್ಟ್‌ನ ಗುರುತು) ಆಗಿ ಬಂತು. "ಬಂತ್ರಿ ಸರ್, ಬಂತು!" ಎಲ್ಲರೂ ನಿಟ್ಟುಸಿರು ಬಿಟ್ಟರು. ಎರಡನೇ ಎಬಿಆರ್‌ನಲ್ಲೂ ಹಾಕಬೇಕು ಅಂತ ಜೂನಿಯರ್ ಹುಡುಗಿಯೊಬ್ಬಳು ನೆನಪಿಸಿದಳು. ಅವಳು ಹೇಳದಿದ್ದರೆ ಮೊದಲನೆಯದು ಬಿದ್ದ ದಿನ ಇದೇ ಕಥೆ ಮತ್ತೆ ಆಗುತ್ತಿತ್ತು.

ಮ್ಯಾನೇಜ್‌ಮೆಂಟ್ ಮೇಲೆ ನನಗೆ ಸಿಟ್ಟಿರುವುದು ಆರ್‌ಸಿಎ (ಮೂಲ ಕಾರಣದ ವರದಿ) ವಿಷಯಕ್ಕೆ. 'ಹ್ಯೂಮನ್ ಎರರ್' ಅಂತ ಬರೆದು ಮುಚ್ಚಿದರು. ಟೆಂಪ್ಲೇಟ್‌ನಲ್ಲಿ ವ್ಯಾಲಿಡೇಶನ್ ಅಂತ ಇರುವ ಜಾಗದಲ್ಲಿ ನೈಬರ್ ಸ್ಟೇಟಸ್ ಮತ್ತು ಒಂದು ಪಿಂಗ್‌ಗೆ ಮಾತ್ರ ಕಾಲಂ ಇದ್ದರೆ, ಯಾರು ಕೂತರೂ ಅಷ್ಟೇ ನೋಡುತ್ತಾರೆ ಅಲ್ವಾ? ಲ್ಯಾಬ್‌ಗೆ ಒಂದು ದಿನ ಕೇಳಿದ್ದೆವು. ಸಣ್ಣ ಚೇಂಜ್, ಲ್ಯಾಬ್ ಬೇಡ ಅಂದಿದ್ದರು. ಮೂರು ರೂಟರ್ ಇಟ್ಟು ಒಮ್ಮೆ ಮಾಡಿದ್ದರೆ ಡಿಫಾಲ್ಟ್ ಕಾಣೆಯಾದದ್ದು ಅಲ್ಲೇ ಗೊತ್ತಾಗುತ್ತಿತ್ತು.

ಈಗ ನಮ್ಮ ಟೀಮ್ ಚೇಂಜ್‌ಗೆ ಮೊದಲು ಮತ್ತು ಆಮೇಲೆ ಒಂದು ಬ್ರಾಂಚ್‌ನ ಪೂರ್ತಿ ರೂಟ್ ಟೇಬಲ್ ತೆಗೆದು ಡಿಫ್ ನೋಡುತ್ತೆ. ಏರಿಯಾದೊಳಗಿನ ಒಂದು, ಬೇರೆ ಏರಿಯಾದ ಒಂದು, ಎಕ್ಸ್‌ಟರ್ನಲ್ ಒಂದು, ಹೀಗೆ ಪಿಂಗ್ ಕಡ್ಡಾಯ. ಸೋರ್ಸ್ ಬ್ರಾಂಚ್ ಲ್ಯಾನ್‌ನಿಂದಲೇ ಇರಬೇಕು.

ಡಿಸೈನ್ ಟೀಮ್ ಜೊತೆ ಇನ್ನೊಂದು ವಿಷಯ ಬಾಕಿ ಇದೆ. 'ಡಿಫಾಲ್ಟ್-ಇನ್ಫರ್ಮೇಶನ್-ಒರಿಜಿನೇಟ್' ಕೊಟ್ಟ ಎಬಿಆರ್, ತನ್ನ ಬಳಿ ಡಿಫಾಲ್ಟ್ ಇಲ್ಲದಿದ್ದರೂ ಏರಿಯಾಗೆ ಡಿಫಾಲ್ಟ್ ಕಳಿಸುತ್ತಲೇ ಇರುತ್ತೆ. ಕೋರ್ ಕಡೆಯ ಲಿಂಕ್ ಹೋದರೆ ಬ್ರಾಂಚ್ ಟ್ರಾಫಿಕ್ ಅಲ್ಲಿಗೇ ಬಂದು ಡ್ರಾಪ್ ಆಗಬಹುದು. ಎಬಿಆರ್‌ಗಳ ನಡುವೆ ಏರಿಯಾ 0 ಲಿಂಕ್ ಹಾಕಿ ಅಂತ ಕೇಳಿದ್ದೇನೆ. ಬಜೆಟ್ ನೋಡೋಣ ಅಂದಿದ್ದಾರೆ. ಏರಿಯಾ 20ರ ಚೇಂಜ್ ಆ ಲಿಂಕ್ ಬರುವವರೆಗೂ ನನ್ನ ಬಳಿಯೇ ಪೆಂಡಿಂಗ್ ಇರುತ್ತೆ.