ಗುಲ್ಬರ್ಗಾಕ್ಕೆ ಮೂರು ಪೆಟ್ಟು

ಭಾನುವಾರ ದಾಲ್ ಮಿಲ್ ಬಂದ್. ಗಿಟಾರಿನವನದೇ ಮಿಲ್ಲು, ಅಲ್ಲೇ ನಮ್ಮ ರಿಹರ್ಸಲ್. ಮೂರೂ ಗೋಡೆಗೆ ತೊಗರಿಬೇಳೆ ಚೀಲ ಒಟ್ಟಿದ್ದರಿಂದ ದನಿ ಮಾರ್ದನಿಸುವುದಿಲ್ಲ. ಕಲಬುರಗಿಯಲ್ಲಿ ಇದಕ್ಕಿಂತ ಒಳ್ಳೇ ಸ್ಟುಡಿಯೋ ನಾನಂತೂ ಕಂಡಿಲ್ಲ. ತೊಂದರೆ ಹೊಟ್ಟಿನ ಧೂಳಿನದು. ಸ್ನೇರ್ ಡ್ರಮ್ಮಿಗೆ ಮೊದಲ ಪೆಟ್ಟು ಬಿದ್ದದ್ದೇ ಧೂಳು ಗೇಣುದ್ದ ಎದ್ದಿತು, ನಾಲ್ವರೂ ಸೀನಿದೆವು.

ಇಂಜಿನಿಯರಿಂಗ್ ಓದುವಾಗ ಕಟ್ಟಿದ ಪಂಕ್ ಬ್ಯಾಂಡ್ ನಮ್ಮದು, ಅಂದರೆ ಒರಟು ರಾಕ್ ಹಾಡಿನ ತಂಡ. ಬಂಡವಾಳ ಗಿಟಾರಿನ ಮೂರು ಕಾರ್ಡು, ಸಿಟ್ಟು, ಒಂದು ಸವೆದ ಕ್ಯಾಸೆಟ್ಟು. ಇಪ್ಪತ್ತೈದು ವರ್ಷವಾದ ಮೇಲೆ ಮತ್ತೆ ಕೂಡೋಣ ಅಂದರೆ ಹಾಡುಗಾರ ಪುಣೆಯಿಂದ ಫೋನಿನಲ್ಲೇ ಒಲ್ಲೆ ಅಂದ. ನಾನೂ ಕೈಬಿಟ್ಟಿದ್ದೆ. ಗಿಟಾರಿನವ ಮಾತ್ರ ಮೊಬೈಲ್ ತೆಗೆದು ಸೆಕ್ಸ್ ಪಿಸ್ಟಲ್ಸ್ ವಿಡಿಯೋ ತೋರಿಸಿದ. 1978ರಲ್ಲಿ ಒಡೆದ ಇಂಗ್ಲೆಂಡಿನ ಪಂಕ್ ತಂಡ. 2024ರಲ್ಲಿ ಲಂಡನ್ನಿನ ಬುಷ್ ಹಾಲ್‌ನಲ್ಲಿ ಮೂವರು ಮುದುಕರು ಬಾರಿಸುತ್ತಿದ್ದಾರೆ, ಮೊದಲಿನ ಹಾಡುಗಾರ ಜಾನ್ ಲೈಡನ್ ಇಲ್ಲ, ಹಾಡುತ್ತಿರುವವ ಫ್ರಾಂಕ್ ಕಾರ್ಟರ್. ತಂಡ ಒಡೆದು ಆರು ವರ್ಷದ ಮೇಲೆ ಹುಟ್ಟಿದವ! "ಅವರ ಕಡಿಂದ ಆಗ್ತದ, ನಮ್ಮ ಕಡಿಂದ ಯಾಕ ಆಗಂಗಿಲ್ಲ?" ಅಂದ.

ಹಾಗೆ ಸಿಕ್ಕ ಹುಡುಗ ಇವನು. ವಯಸ್ಸು ಇಪ್ಪತ್ತನಾಲ್ಕು, ಆಳಂದ ಕಡೆಯವ, ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವ. ಕೆಡಲಿ ಅಂತ ಒಳಗೊಳಗೇ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

'ನಳಾ ಬಂತು, ಕೊಡ ಎಲ್ಲಿ' ನಮ್ಮ ಹಳೇ ಹಾಡು. ಅದರ ಪಲ್ಲವಿ ಊರ ಹೆಸರಿಗೆ ನಿಲ್ಲುತ್ತದೆ: ಗುಲ್, ಬರ್, ಗಾ. ಮೂರು ಗುರು, ಮೂರು ಪೆಟ್ಟು. ನನ್ನ ಕೈಗೆ ಬೇರೇನೂ ಗೊತ್ತಿಲ್ಲ. ಹುಡುಗ 'ಕಲಬುರಗಿ' ಅಂದ. ಐದೂ ಲಘು. ನನ್ನ ಮೂರನೇ ಪೆಟ್ಟು ಅವನ 'ರಗಿ'ಯನ್ನು ನುಂಗಿ ಹಾಕಿತು.

"ಗುಲ್ಬರ್ಗಾ ಅನ್ನಪ್ಪಾ, ಹಾಡು ಇರೋದೇ ಹಂಗ," ಅಂದೆ.

"ಹೆಸರೇ ಬದಲಾಗ್ಯಾದಲ್ರಿ ಕಾಕಾ. ನಾ ಶಾಲಿಗಿ ಹೋಗೋವಾಗೇ ಆಗ್ಯಾದ."

2014ರ ನವೆಂಬರ್ 1. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಒಪ್ಪಿಕೊಂಡಿದ್ದೆ. ಡ್ರಮ್ಮಿನ ಮೇಲೆ ಇನ್ನೂ ಒಪ್ಪಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ನಾಲ್ಕು ಸಲ ಬಾರಿಸಿದೆ, ನಾಲ್ಕು ಸಲವೂ ಕೆಟ್ಟಿತು. ಬೇಸ್ ಗಿಟಾರಿನವ ಛಾ ತರುತ್ತೇನೆಂದು ಎದ್ದುಹೋದ. ಜಗಳ ಹತ್ತುವಾಗ ಅವನಿಗೆ ಯಾವತ್ತೂ ಛಾ ನೆನಪಾಗುತ್ತದೆ.

ಹುಡುಗ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಖಾಲಿ ಚೀಲದ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದ. "ನಿಮ್ದು ಆರು ಮಾತ್ರಿ. ನಂದು ಐದು. ಐದೂ ಸಣ್ಣಗೆ ಹೊಡೀರಿ, ಆರನೇದು ಬಿಟ್ಟುಬಿಡ್ರಿ ಕಾಕಾ. ಭಜನಿದಾಗ ಅಲ್ಲೇ ನಾವು ಉಸಿರು ತಗೋತೀವಿ."

ಐದು ಪೆಟ್ಟು ಓಡಿದವು. ಆರನೆಯದಕ್ಕೆ ಎತ್ತಿದ ಕೋಲನ್ನು ಗಾಳಿಯಲ್ಲೇ ಹಿಡಿದೆ. ಮೈ ನಡುಗುವಷ್ಟು ಕಷ್ಟವಾಯಿತು. ಗಿಟಾರೂ ನಿಂತಿತು, ಚೀಲಗಳ ನಡುವೆ ಹುಡುಗ ಉಸಿರೆಳೆದುಕೊಂಡದ್ದು ಕೇಳಿಸಿತು, ಹಿಂದೆಯೇ ಅವನ ಏರುದನಿ ತಗಡಿನ ಸೂರಿಗೆ ಬಡಿಯಿತು. ಛಾ ಹಿಡಿದು ಬಂದ ಬೇಸಿನವ ಬಾಗಿಲಲ್ಲೇ ನಿಂತ.

ರಾತ್ರಿ ರೆಕಾರ್ಡಿಂಗನ್ನು ಪುಣೆಗೆ ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಕಡೀ ಪೆಟ್ಟು ಯಾಕ ಬಿಟ್ಟಿ?"