ಅಪ್ಪನ ಲೆಕ್ಕದಲ್ಲಿ ಇಲ್ಲದ ಊರುಗಳು

ಅಪ್ಪ 1984ರಿಂದ 2006ರವರೆಗೆ ಲಾರಿ ಓಡಿಸಿದರು. ಹೆಚ್ಚಾಗಿ ಒಂದೇ ಲೈನು. ಇಲ್ಲಿಂದ ಟೊಮೇಟೊ ತುಂಬಿಕೊಂಡು ನಾಗಪುರ, ಅಲ್ಲಿಂದ ಕಿತ್ತಳೆ ತುಂಬಿಕೊಂಡು ವಾಪಸ್. ಬಾಡಿಗೆ ಸಿಕ್ಕಿದರೆ ಜಬಲ್ಪುರ, ಎರಡು ಸಲ ಕಾಶಿ. ನಮ್ಮ ಮನೆ ದೇವನಹಳ್ಳಿಯಲ್ಲಿ, ಹೈವೇಗೆ ಕೂಗಳತೆ ದೂರ. ರಾತ್ರಿ ಹತ್ತಕ್ಕೆ ಅಪ್ಪ ಮನೆ ಮುಂದೆ ಒಂದು ಸಲ ಹಾರ್ನ್ ಹೊಡೆದು ಹೋದರೆ ಮತ್ತೆ ಬರುವುದು ವಾರದ ಮೇಲೆ.

ಕಳೆದ ವರ್ಷ ಅಮ್ಮ ಕಾಶಿಗೆ ಹೋಗಬೇಕು ಅಂದರು. ರೈಲು ಬೇಡ, ವಿಮಾನ ಬೇಡ, ನಿಮ್ಮಪ್ಪ ಹೋಗ್ತಿದ್ದ ದಾರೀಲೇ ಹೋಗೋಣ ಅಂದರು. ಅಷ್ಟು ವರ್ಷ ಗಂಡ ಎಲ್ಲೆಲ್ಲಿ ಇರುತ್ತಿದ್ದರು ಅಂತ ಅವರಿಗೆ ನೋಡಬೇಕಿತ್ತು. ಕಾರು ನನ್ನದು, ಓಡಿಸುವವಳೂ ನಾನೇ. ಹಾಗಾಗಿ ಪ್ಲಾನ್ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು.

ನವೆಂಬರ್‌ನ ಒಂದು ಭಾನುವಾರ ಊಟ ಆದ ಮೇಲೆ ಕೂತೆವು. ನನ್ನ ಮುಂದೆ ಮ್ಯಾಪ್. ಅಪ್ಪನ ಮುಂದೆ ಒಂದು ಉದ್ದ ನೋಟ್‌ಬುಕ್. ಅವರು ಸ್ಕೇಲ್ ಇಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದರು: ಊರು, ಮೀಟರ್, ಡೀಸೆಲ್, ಗಂಟೆ. ಲಾರಿಯಲ್ಲಿದ್ದಾಗ ಬರೆಯುತ್ತಿದ್ದ ಟ್ರಿಪ್ ಶೀಟು ಹೀಗೇ ಇರುತ್ತಿತ್ತಂತೆ.

ಮೊದಲು ನಂಬರ್‌ನಲ್ಲೇ ಗೊಂದಲ. ಅಪ್ಪನಿಗೆ ಈ ರಸ್ತೆ ಈಗಲೂ 'ಏಳು'. ಹಳೇ ರಾಷ್ಟ್ರೀಯ ಹೆದ್ದಾರಿ 7 ಕನ್ಯಾಕುಮಾರಿಯಿಂದ ಕಾಶಿಯವರೆಗೆ ಇತ್ತು, 2,369 ಕಿ.ಮೀ. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ನಮ್ಮ ಮನೆ ಹತ್ತಿರದ್ದು 44 ಆಯಿತು. ಅದು ಹೋಗುವುದು ಶ್ರೀನಗರಕ್ಕೆ. ಕಾಶಿಗೆ ಹೋಗಬೇಕಾದರೆ ಮಧ್ಯಪ್ರದೇಶದ ಲಖನಾದೌನ್ ಹತ್ತಿರ 44 ಬಿಟ್ಟು ಜಬಲ್ಪುರದ ಕಡೆ ತಿರುಗಬೇಕು. "ಯಾಕೆ ತಿರುಗಬೇಕು? ರಸ್ತೆನೇ ಕಾಶಿಗೆ ಹೋಗುತ್ತಲ್ಲ" ಅಂತ ಅಪ್ಪ. ಅರ್ಧ ಗಂಟೆ ಇದರಲ್ಲೇ ಹೋಯಿತು. ಕೊನೆಗೆ ಗೊತ್ತಾಗಿದ್ದು, ನಾವಿಬ್ಬರೂ ಹೇಳುತ್ತಿದ್ದದ್ದು ಒಂದೇ ದಾರಿ.

ಆಮೇಲೆ ನಾನು ಕೇಳಿದೆ, "ಲೇಪಾಕ್ಷಿ ನೋಡಿದೀಯಾ ಅಪ್ಪ?"

"ಬೋರ್ಡು ನೋಡಿದೀನಿ."

ಪೆನುಕೊಂಡ? ಕೋಟೆ ಗೋಡೆ ಕಾಣುತ್ತೆ. ಗುತ್ತಿ? ಬೆಟ್ಟ ಕಾಣುತ್ತೆ, ಕೆಳಗೆ ಒಳ್ಳೇ ಟೀ ಸಿಗ್ತಿತ್ತು. ಅಲಂಪುರ? ಚೌರಸ್ತಾ ಗೊತ್ತು, ಒಳಗೆ ಹೋಗಿಲ್ಲ. 22 ವರ್ಷ ಓಡಾಡಿದ ದಾರಿಯ ಪ್ರತಿ ತಿರುವೂ ಅವರಿಗೆ ನೆನಪಿತ್ತು. ರಸ್ತೆಯಿಂದ ಹತ್ತು ಕಿಲೋಮೀಟರ್ ಒಳಗೆ ಏನಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಟೊಮೇಟೊ ಲೋಡ್ ಹಾಕಿಕೊಂಡವರಿಗೆ ದೇವಸ್ಥಾನ ನೋಡೋಕೆ ಎಲ್ಲಿ ಹೊತ್ತು? ಮಾರ್ಕೆಟ್ಟಿಗೆ ತಡವಾದರೆ ಬಾಡಿಗೆ ಹಿಡಿದುಕೊಳ್ಳುತ್ತಿದ್ದರು.

ನಾನು ಅವರ ನೋಟ್‌ಬುಕ್ ಎಳೆದುಕೊಂಡು ಐದನೇ ಕಾಲಂ ಗೆರೆ ಎಳೆದೆ. ಮೇಲೆ 'ನಿಲ್ಲುವ ಜಾಗ' ಅಂತ ಬರೆದೆ.

ನನ್ನ ಪಟ್ಟಿಯಲ್ಲಿ 19 ಜಾಗ ಇದ್ದವು. ಅಪ್ಪ ಅದನ್ನು ಒಂಬತ್ತಕ್ಕೆ ಇಳಿಸಿದರು. ದಿನಕ್ಕೆ ಎರಡೇ ಜಾಗ, ಮೂರನೇದು ಬೇಡ. ಮೂರನೇ ಜಾಗಕ್ಕೆ ಹೋದರೆ ರಾತ್ರಿ ಗಾಡಿ ಓಡಿಸಬೇಕಾಗುತ್ತೆ. ಹೊತ್ತು ಮುಳುಗಿದ ಮೇಲೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಟಯರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬೇಕು, ಓಡಿ ಬಿಸಿಯಾದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತೆ. ಡಿಸೆಂಬರ್‌ನಲ್ಲಿ ರೀವಾ ಆಚೆ ಮಂಜು ಕವಿಯುತ್ತೆ, ಒಂಬತ್ತಕ್ಕೆ ಮುಂಚೆ ಹೊರಡೋದು ಬೇಡ. ಇವೆಲ್ಲ ನನ್ನ ಫೋನಿನಲ್ಲಿ ಇರಲಿಲ್ಲ.

ಇನ್ನೊಂದು ಮಾತು ಹೇಳಿದರು. "ಎಲ್ಲಾದ್ರೂ ನಿಲ್ಲಿಸಬೇಕು ಅಂದ್ರೆ ಮೊದ್ಲು ನೆರಳಿರಬೇಕು. ಆಮೇಲೆ ನೀರಿರಬೇಕು. ಗಾಡಿ ಪಕ್ಕಕ್ಕೆ ಹಾಕೋಕೆ ಜಾಗ ಇರಬೇಕು. ಮಿಕ್ಕಿದ್ದು ಆಮೇಲೆ ಕಣವ್ವ."

ಡಿಸೆಂಬರ್ ಮೊದಲ ವಾರ ಬೆಳಗಿನ ಜಾವ ಐದೂವರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ, ಎರಡು ಚಕ್ಕೋತ, ಒಂದು ಡಬ್ಬಿ ಹುರಿಹಿಟ್ಟು, ನಿಪ್ಪಟ್ಟು, ಚಿತ್ರಾನ್ನ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಎಡಕ್ಕೆ ತಿರುಗುವಾಗ ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತರು. ಅಲ್ಲಿ ಅವರು ಎಂದೂ ತಿರುಗಿರಲಿಲ್ಲ.

ಲೇಪಾಕ್ಷಿಯಲ್ಲಿ ಮೊದಲು ಸಿಗುವುದು ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 27 ಅಡಿ ಉದ್ದ. ವೀರಭದ್ರ ದೇವಸ್ಥಾನವನ್ನು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಅನ್ನುವ ಅಣ್ಣತಮ್ಮ ಕಟ್ಟಿಸಿದರು. ನೇತಾಡುವ ಕಂಬಕ್ಕೂ ನೆಲಕ್ಕೂ ನಡುವಿನ ಸಂದಿಯಲ್ಲಿ ಜನ ಬಟ್ಟೆ ತೂರಿಸುತ್ತಿದ್ದರು. ಅಮ್ಮ ಅದನ್ನು ಅಷ್ಟಾಗಿ ನೋಡಲಿಲ್ಲ. ಅವರು ಲತಾಮಂಟಪದ ಕಂಬಗಳ ಹತ್ತಿರ ನಿಂತರು. ಅಲ್ಲಿ ಒಂದೊಂದು ಮುಖದಲ್ಲೂ ಒಂದೊಂದು ಚಿತ್ತಾರ. ಈ ಚಿತ್ತಾರಗಳು ಸೀರೆ ಅಂಚಿಗೂ ಹೋಗಿವೆ. "ಇದು ನಮ್ಮತ್ತೆ ಸೀರೆಲಿತ್ತು" ಅಂತ ಒಂದನ್ನು ಬೆರಳಿಟ್ಟು ತೋರಿಸಿದರು. ಅಲ್ಲಿನ ಕನ್ನಡ ಶಾಸನದ ಅಕ್ಷರಗಳನ್ನು ಅಪ್ಪ ಕೂಡಿಸಿ ಕೂಡಿಸಿ ಓದಲು ನೋಡಿದರು. ಒಂದೆರಡು ಅಕ್ಷರ ಸಿಕ್ಕವು. ಅಷ್ಟಕ್ಕೇ ಖುಷಿಯಾದರು.

ಎರಡನೇ ಜಾಗ ಎರ್ರಗುಡಿ. ಇದನ್ನು ಪಟ್ಟಿಗೆ ಹಾಕಿದಾಗ ಅಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. ಬಂಡೆ ನೋಡೋಕೆ ಅಷ್ಟು ದೂರ ಯಾಕೆ ಅಂದಿದ್ದರು. ಗುತ್ತಿಯಲ್ಲಿ ಹೆದ್ದಾರಿ ಬಿಟ್ಟು ಪತ್ತಿಕೊಂಡದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಬೇಕು. ಸುತ್ತ ಹೊಲ, ಕುರುಚಲು ಗಿಡ, ಗುಂಡು ಬಂಡೆಗಳ ಸಣ್ಣ ಗುಡ್ಡ. ಆ ಬಂಡೆಗಳ ಮೇಲೆ ಅಶೋಕ ಬರೆಸಿದ್ದಾನೆ, ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ. ದೊಡ್ಡ ಶಾಸನಗಳು ಹದಿನಾಲ್ಕೂ ಇಲ್ಲಿವೆ, ಸಣ್ಣವೂ ಇವೆ. ಸಣ್ಣ ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಹೊಲ ಉಳುವ ಎತ್ತು ತುದಿಗೆ ಹೋಗಿ ತಿರುಗಿ ಬರುತ್ತಲ್ಲ, ಹಾಗೆ.

ಮಧ್ಯಾಹ್ನದ ಬಿಸಿಲು. ಬಂಡೆ ಕಾಯ್ದಿತ್ತು. ಅಕ್ಷರಗಳು ತುಂಬಾ ಸಣ್ಣವು. ಬಿಸಿಲು ನೇರ ಬಿದ್ದರೆ ಕಾಣುವುದೇ ಇಲ್ಲ. ಅಮ್ಮ ಸೆರಗು ಅಡ್ಡ ಹಿಡಿದಾಗ ಆ ಒಂದು ಗೇಣು ನೆರಳಿನಲ್ಲಿ ಗೆರೆಗಳು ಎದ್ದು ಬಂದವು. ಕೂಡಿಸುವ ಲೆಕ್ಕದ ಗುರುತಿನಂಥ (+) ಒಂದು 'ಕ', ಗುಂಡಗಿನ ಒಂದು 'ಠ'. ನಾನು ಮನೆಯಿಂದ ಅರ್ಥ ಬರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಎರಡನೇ ಶಾಸನ ಓದಿ ಹೇಳಿದೆ. ತನ್ನ ರಾಜ್ಯದಲ್ಲೂ ಅಕ್ಕಪಕ್ಕದ ಚೋಳ, ಪಾಂಡ್ಯರ ನಾಡಿನಲ್ಲೂ ಮನುಷ್ಯರಿಗೆ, ಪ್ರಾಣಿಗಳಿಗೆ ಎರಡಕ್ಕೂ ಮದ್ದಿನ ಏರ್ಪಾಡು ಮಾಡಿದ್ದೇನೆ ಅನ್ನುತ್ತಾನೆ. ಬೇರು, ಹಣ್ಣು ಎಲ್ಲಿ ಸಿಗುವುದಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದೇನೆ ಅನ್ನುತ್ತಾನೆ. ಕೊನೆಯ ಮಾತು, ದಾರಿಗಳಲ್ಲಿ ಬಾವಿ ತೋಡಿಸಿದ್ದೇನೆ, ಮರ ನೆಡಿಸಿದ್ದೇನೆ, ಪ್ರಾಣಿಗಳಿಗೂ ಮನುಷ್ಯರಿಗೂ ಆಗಲಿ ಅಂತ.

ಅಪ್ಪ ಇನ್ನೊಂದು ಸಲ ಓದು ಅಂದರು. ಓದಿದೆ.

"ದನಕ್ಕೂ ಲೆಕ್ಕ ಇಟ್ಟಿದಾನೆ ನೋಡು" ಅಂದರು. "ನಮ್ಮಪ್ಪ ಎತ್ತಿನ ಗಾಡಿ ಹೊಡೀತಿದ್ದಾಗ ಸಂತೆಗೆ ಹೋಗೋ ದಾರೀಲಿ ಮೊದ್ಲು ಎತ್ತಿಗೆ ನೀರು ಕುಡಿಸ್ತಿದ್ರು. ಆಮೇಲೇ ನಮಗೆ."

ಬಂಡೆಯ ಪಕ್ಕದಲ್ಲಿ ಸ್ವಲ್ಪ ನೆರಳಿತ್ತು. ಅಲ್ಲೇ ಕೂತು ಚಿತ್ರಾನ್ನ ತಿಂದೆವು. ಅಪ್ಪ ಹಳೇ ರಸ್ತೆಯ ವಿಷಯ ತೆಗೆದರು. ಆಗ ಎರಡು ಗಾಡಿ ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಿತ್ತು. ಆದರೆ ಎರಡೂ ಕಡೆ ಹುಣಸೆ ಮರ, ಬೇವಿನ ಮರ. ಪೆನುಕೊಂಡ ಹತ್ತಿರ ಒಂದು ದೊಡ್ಡ ಹುಣಸೆ ಇತ್ತಂತೆ. ಮಧ್ಯಾಹ್ನ ಅದರ ಕೆಳಗೆ ಗಾಡಿ ಹಾಕಿ, ಟಾರ್ಪಾಲ್ ಹಾಸಿ, ಕ್ಲೀನರ್ ಹುಡುಗನೂ ಇವರೂ ಒಂದು ಗಂಟೆ ಮಲಗುತ್ತಿದ್ದರಂತೆ. ಲೋಡಿನ ಟೊಮೇಟೊಗೂ ತಂಪು. ರಸ್ತೆ ನಾಲ್ಕು ಲೇನ್ ಆದಾಗ ಆ ಮರಗಳು ಹೋದವು. ಬೆಳಿಗ್ಗೆ ಪೆನುಕೊಂಡ ದಾಟುವಾಗ ಅಪ್ಪ ಕಿಟಕಿಯಿಂದ ಏನು ಹುಡುಕುತ್ತಿದ್ದರು ಅಂತ ನನಗೆ ಆಗ ಗೊತ್ತಾಯಿತು. ರಸ್ತೆ ಅಗಲ ಆಗಿದ್ದು ಬೇಡ ಅಂತ ನಾನು ಹೇಳುವುದಿಲ್ಲ. ಆ ಎರಡು ಲೇನ್ ರಸ್ತೆಯಲ್ಲಿ ಅಪ್ಪನ ಜೊತೆಗಾರರು ಎಷ್ಟೋ ಜನ ಹೋಗಿಬಿಟ್ಟರು. ಆದರೂ ನಡುವಿನ ಡಿವೈಡರ್‌ನಲ್ಲಿ ಸಾಲಾಗಿ ನೆಟ್ಟ ಕಣಗಿಲೆ ಗಿಡದ ಕೆಳಗೆ ಯಾರಿಗೆ ಮಲಗಲು ಆಗುತ್ತೆ? ಬಿಸಿಲಿನಲ್ಲಿ ಓಡಿಸುವವರಿಗೆ ನೆರಳು ಬೇಕು. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಆ ರಾತ್ರಿ ಕರ್ನೂಲು. ಮಾರನೇ ದಿನ ಅಲಂಪುರ. ಅಲ್ಲಿನ ಗುಡಿಗಳು ಹೆಸರಿಗೆ ನವಬ್ರಹ್ಮ, ಇರುವುದೆಲ್ಲ ಶಿವ. ಬಾದಾಮಿ ಚಾಲುಕ್ಯರು ಕಟ್ಟಿದವು. ಪಟ್ಟದಕಲ್ಲಿನ ಗಳಗನಾಥ ಗುಡಿ ನೋಡಿದವರಿಗೆ ಇಲ್ಲಿನ ಶಿಖರಗಳು ಹಳೇ ಪರಿಚಯದವರ ಹಾಗೆ ಕಾಣುತ್ತವೆ. ಶ್ರೀಶೈಲ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿ ಅನ್ನುವ ಊರಿನ ಸಂಗಮೇಶ್ವರನ ಗುಡಿಯನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಆಮೇಲೆ ಹೈದರಾಬಾದಿನ ಹೊರವರ್ತುಲ ರಸ್ತೆ ಹಿಡಿದು ಊರೊಳಗೆ ಹೋಗದೆ ದಾಟಿದೆವು. ಗೋದಾವರಿ ಸೇತುವೆಯ ಮೇಲೆ ಅಪ್ಪ ಅಭ್ಯಾಸದಂತೆ ಕಿಟಕಿ ಇಳಿಸಿ ಒಂದು ರೂಪಾಯಿ ನಾಣ್ಯ ಎಸೆದು ಕೈ ಮುಗಿದರು.

ನಿರ್ಮಲ್‌ನಲ್ಲಿ ಮರದ ಬೊಂಬೆ ನೋಡಿದೆವು. ನಮ್ಮ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡಸಲು ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಕೊಡುತ್ತಾರೆ. ಇಲ್ಲಿ ಪೊನ್ಕಿ ಅನ್ನುವ ಮೆತ್ತನೆ ಮರ. ಬಿಡಿ ಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಅಮ್ಮ ಒಂದು ಜೊತೆ ಬಾಳೆಹಣ್ಣು, ಒಂದು ಸೀತಾಫಲ ತೆಗೆದುಕೊಂಡರು. ಅಂಗೈ ಮೇಲಿಟ್ಟರೆ ಭಾರವೇ ಇಲ್ಲ.

ಮೂರನೇ ದಿನ ಹಿಂಗಣಘಾಟ್ ಹತ್ತಿರ ಮೊಳೆ ಚುಚ್ಚಿ ಪಂಚರ್ ಆಯಿತು. ಎರಡು ಗಂಟೆ ಅಲ್ಲೇ ಹೋಯಿತು, ಸೇವಾಗ್ರಾಮ ಕೈಬಿಟ್ಟೆವು. ನನಗೆ ತುಂಬಾ ಬೇಜಾರಾಯಿತು. ಗಾಂಧೀಜಿ 1936ರಿಂದ ಇದ್ದ ಆ ಮಣ್ಣಿನ ಕುಟೀರ ನನ್ನ ಪಟ್ಟಿಯಲ್ಲಿ ಮೊದಲಿನಿಂದ ಇತ್ತು. ಅಪ್ಪ ಪಂಚರ್ ಅಂಗಡಿಯವನ ಜೊತೆ ಮರಾಠಿಯಲ್ಲಿ ಹರಟುತ್ತಾ ಕೂತಿದ್ದರು. ಅಪ್ಪನಿಗೆ ಇಷ್ಟು ಮರಾಠಿ ಬರುತ್ತೆ ಅಂತ ಅಮ್ಮನಿಗೆ ಅವತ್ತೇ ಗೊತ್ತಾಗಿದ್ದು.

ನಾಗಪುರ ದಾಟಿದ ಮೇಲೆ ಪೆಂಚ್ ಕಾಡು. ಅಪ್ಪನ ಕಾಲದಲ್ಲಿ ಅಲ್ಲಿ ರಸ್ತೆ ಪೂರ್ತಿ ಗುಂಡಿ. ರಾತ್ರಿ ಹೆಡ್‌ಲೈಟಿಗೆ ಜಿಂಕೆ ಸಿಕ್ಕಿ ನಿಂತುಬಿಡುತ್ತಿದ್ದವಂತೆ. ಈಗ ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ರಸ್ತೆಯನ್ನೇ ಎತ್ತರಿಸಿ ಪ್ರಾಣಿಗಳಿಗೆ ಕೆಳಗೆ ದಾರಿ ಬಿಟ್ಟಿದ್ದಾರೆ. ಒಂದು 750 ಮೀಟರ್ ಉದ್ದ ಇದೆ. ಕೆಳಗೆ ಹುಲಿ ಓಡಾಡುವುದು ಕ್ಯಾಮೆರಾದಲ್ಲಿ ಸಿಕ್ಕಿದೆ. ಇದು ನನ್ನ ಪಟ್ಟಿಯಲ್ಲಿತ್ತು, ಆದರೆ ಅಲ್ಲಿ ನಿಲ್ಲುವ ಹಾಗಿಲ್ಲ, ನಿಲ್ಲಲೂಬಾರದು. ಅಪ್ಪ ಸುಮ್ನೆ ಕಿಟಕಿ ಕಡೆ ನೋಡುತ್ತಾ ಬಂದರು. ಆಮೇಲೆ "ಒಳ್ಳೇದು ಮಾಡವ್ರೆ" ಅಂದರು.

ಜಬಲ್ಪುರದಲ್ಲಿ ಒಂದು ದಿನ ಇದ್ದು ಭೇಡಾಘಾಟ್‌ನಲ್ಲಿ ಅಮೃತಶಿಲೆ ಬಂಡೆಗಳ ನಡುವೆ ದೋಣಿಯಲ್ಲಿ ಹೋಗಿ ಬಂದೆವು. ಆರನೇ ದಿನ ಮೈಹರ್ ದಾರಿ. ಅಲ್ಲಿ ಹತ್ತಿರದ ಜೂರಾ ಅನ್ನುವ ಊರಿನಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಶಾಸನ ಸಿಕ್ಕಿದೆ. ಹತ್ತನೇ ಶತಮಾನದ್ದು, ಕನ್ನಡದ್ದು. ಅದನ್ನು ಹೇಳಿದಾಗ ಅಮ್ಮ ನಂಬಲಿಲ್ಲ. "ಇಲ್ಲೀ ತನಕ ಬಂದು ಕನ್ನಡದಲ್ಲಿ ಬರೆಸಿದ್ನಾ?" ಅಂತ ಎರಡು ಸಲ ಕೇಳಿದರು.

ಮೈಹರ್ ದಾಟಿದ ಮೇಲೆ ಒಂದು ಕಡೆ ಹೊಸ ರಸ್ತೆಯ ಪಕ್ಕದಲ್ಲೇ ಹಳೇ ರಸ್ತೆಯ ಒಂದು ತುಂಡು ಉಳಿದಿತ್ತು. ಟಾರು ಕಿತ್ತುಹೋಗಿ ಹುಲ್ಲು ಬೆಳೆದಿತ್ತು. ಅದರ ಉದ್ದಕ್ಕೂ ದೊಡ್ಡ ಮರಗಳು. ಅಪ್ಪ ನನ್ನ ತೋಳು ಮುಟ್ಟಿದರು.

"ಇಲ್ಲಿ ಹಾಕು ಪಕ್ಕಕ್ಕೆ."

ಆ ಜಾಗ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಪ್ಪ ಇಳಿದು ಒಂದು ಮರದ ತೊಗಟೆ ಮುಟ್ಟಿ, ಬಿದ್ದ ಎಲೆ ಎತ್ತಿ ನೋಡಿದರು. "ಹಿಪ್ಪೆ ಮರ ಅಲ್ವಾ ಇದು!" ಅಂದರು. ಹೌದು, ಹಿಪ್ಪೆಯೇ. ಅಲ್ಲಿಯವರು ಮಹುವಾ ಅನ್ನುತ್ತಾರೆ. ಅಮ್ಮ ಚಾಪೆ ಹಾಸಿದರು. ಸ್ವಲ್ಪ ದೂರದ ಬೋರ್‌ವೆಲ್ ಪಂಪಿನಿಂದ ನಾನು ನೀರು ತಂದೆ. ಉಳಿದಿದ್ದ ಒಂದು ಚಕ್ಕೋತ ಬಿಡಿಸಿ ತಿಂದೆವು. ಅಪ್ಪ ಟವೆಲ್ ಮಡಚಿ ತಲೆಗೆ ಇಟ್ಟುಕೊಂಡು ಮಲಗಿದರು. ಎರಡೇ ನಿಮಿಷಕ್ಕೆ ನಿದ್ದೆ. ಲಾರಿಗಳು ಹೊಸ ರಸ್ತೆಯಲ್ಲಿ ಹೋಗುತ್ತಲೇ ಇದ್ದವು. ಅಮ್ಮ ಬಾಟಲಿ ಮುಚ್ಚಳದಲ್ಲಿ ಇರುವೆ ಸಾಲಿನ ಪಕ್ಕ ನೀರು ಇಟ್ಟು, ಗಂಡ ಮಲಗಿರುವುದನ್ನೇ ನೋಡುತ್ತಾ ಕೂತಿದ್ದರು.

ಕಾಶಿಯಲ್ಲಿ ಛತ್ರಕ್ಕೆ ಹೋದ ರಾತ್ರಿ ಅಪ್ಪ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ತುಂಬಿದರು. ಮೀಟರ್, ಡೀಸೆಲ್, ಗಂಟೆ ಎಲ್ಲ ಸರಿಯಾಗಿ. ಐದನೇ ಕಾಲಂನಲ್ಲಿ ನನ್ನ ಕೈಬರಹದ ಒಂಬತ್ತು ಹೆಸರು ಇದ್ದವು. ಸೇವಾಗ್ರಾಮಕ್ಕೆ ಅಡ್ಡಗೆರೆ ಎಳೆದು 'ವಾಪಸ್ ಬರುವಾಗ' ಅಂತ ಬರೆದರು. ಅದರ ಕೆಳಗೆ ತಮ್ಮ ಕೈಯಲ್ಲೇ ಹತ್ತನೇದನ್ನು ಸೇರಿಸಿದರು. ಹಿಪ್ಪೆ ಮರ, ಮೈಹರ್ ಆಚೆ, 40 ನಿಮಿಷ. ನೀರು ಇದೆ.